ನಾಯಿಕೊಡೆ ಬಿಡಿಸುವ ಮಗಳು



ನಮ್ಮ ಮೊಳಕಾಲ್ಮೂರಿನಲ್ಲಿ ಮಳೆ ಬಿದ್ದರೆ ತಿಪ್ಪೆಯ ಮೇಲೆ ನಾಯಿಕೊಡೆ ಏಳುತ್ತದೆ. ಅದನ್ನು ನೋಟ್‌ಬುಕ್ಕಿನಲ್ಲಿ ಬಿಡಿಸಿದ ಮಗಳನ್ನು 'ಚಿತ್ರ ಬರೆಯುವುದು ಗುನಾಹ್' ಎಂದು ಗದರಿಸುವ ತಾಯಂದಿರಿದ್ದಾರೆ. ಸ್ವಲ್ಪ ತಾಳಿ.

ಇಂಗ್ಲೆಂಡಿನ ಎಂ.ಸಿ. ಕುಕ್ (1825–1914) ಬಟ್ಟೆ ವ್ಯಾಪಾರಿಯ ಬಳಿ ಕೆಲಸ ಕಲಿಯಲು ಸೇರಿದ ಹುಡುಗ. ಮುಂದೆ ಗುಮಾಸ್ತರಾದರು, ಶಾಲೆಯಲ್ಲಿ ಪಾಠ ಹೇಳಿದರು. ಅಣಬೆಗಳ ಸಾವಿರಕ್ಕೂ ಹೆಚ್ಚು ಬಣ್ಣದ ಚಿತ್ರಗಳನ್ನು ಪ್ರಕಟಿಸಿದರು. ಮೈಸೂರು ಸೀಮೆಯ ಕಾಫಿ ಗಿಡದ ಎಲೆಗಳನ್ನು ಕಪ್ಪಾಗಿಸಿ ಕೊಳೆಸುತ್ತಿದ್ದ ಶಿಲೀಂಧ್ರಕ್ಕೆ 1876ರಲ್ಲಿ ಅವರಿಟ್ಟ ಹೆಸರು 'ಪೆಲಿಕ್ಯುಲೇರಿಯಾ ಕೊಳೆರೋಗ'. ನಮ್ಮ ರೈತರ ಮಾತು ಹೀಗೆ ವಿಜ್ಞಾನದ ಗ್ರಂಥಗಳನ್ನು ಸೇರಿತು. ರೋಗಕ್ಕೆ ಕಾರಣ ಯಾವುದೆಂದು ಗುರುತಿಸಿದರೆ ತಾನೇ ಮದ್ದು ಹುಡುಕಲು ಸಾಧ್ಯ?

ಅಲ್ಲಾಹನು ಆದಮ್(ಅ)ರಿಗೆ ಕಲಿಸಿದ್ದೂ ಹೆಸರುಗಳನ್ನೇ. ಇನ್ನು ಚಿತ್ರದ ವಿಷಯ. ಚಿತ್ರ ಬರೆದು ಹೊಟ್ಟೆ ಹೊರೆಯುತ್ತಿದ್ದವನೊಬ್ಬನಿಗೆ ಇಬ್ನು ಅಬ್ಬಾಸ್(ರ), ಮರಗಳನ್ನೂ ಆತ್ಮವಿಲ್ಲದ ವಸ್ತುಗಳನ್ನೂ ಬಿಡಿಸುವಂತೆ ಹೇಳಿದ್ದು ಸಹೀಹ್ ಬುಖಾರಿಯಲ್ಲಿದೆ.

ಆದ್ದರಿಂದ ಮಗಳ ಕೈಯಿಂದ ಪೆನ್ಸಿಲ್ ಕಿತ್ತುಕೊಳ್ಳಬೇಡಿ. ಪಕ್ಕದಲ್ಲಿ ಕುಳಿತು, "ಇದರ ಹೆಸರೇನಮ್ಮಾ?" ಎಂದು ಕೇಳಿ. ಅವಳಿಗೂ ತಿಳಿಯದಿದ್ದರೆ ಇಬ್ಬರೂ ಸೇರಿ ಹುಡುಕಿ.