ಗೇರ್ ಶಾಫ್ಟಿಗೂ ಬೇಕು ಎರಡನೇ ಕಂಬ

ಬೈಕು ಈಗ ಶೋಕಿಯ ವಸ್ತುವಲ್ಲ. ನೇಗಿಲು, ಕುಂಟೆ, ಕೂರಿಗೆಗಳ ಸಾಲಿಗೆ ಅದನ್ನೂ ಸೇರಿಸಬೇಕು ಅನ್ನುವುದು ನನ್ನ ಅಭಿಪ್ರಾಯ. ನಮ್ಮ ಆವತಿ ಸುತ್ತಮುತ್ತ ನೋಡಿ. ಬೆಳಗಾಗುತ್ತಲೇ ಡೇರಿಗೆ ಹಾಲಿನ ಕ್ಯಾನು, ಆಮೇಲೆ ಹೊಲಕ್ಕೆ ಗೊಬ್ಬರದ ಮೂಟೆ, ಸಂಜೆ ಹಸುವಿಗೆ ಹುಲ್ಲಿನ ಹೊರೆ. ರೇಷ್ಮೆ ಮಾಡುವವರು ವಿಜಯಪುರ, ಶಿಡ್ಲಘಟ್ಟದ ಮಾರುಕಟ್ಟೆಗೆ ಗೂಡಿನ ಚೀಲ ಕಟ್ಟಿಕೊಂಡು ಹೋಗುತ್ತಾರೆ. ತರಕಾರಿಯವರು ಚಿಕ್ಕಬಳ್ಳಾಪುರದ ದಾರಿ ಹಿಡೀತಾರೆ. ಎತ್ತಿನ ಗಾಡಿ ಮಾಡುತ್ತಿದ್ದ ಎಷ್ಟೋ ಕೆಲಸವನ್ನು ಈಗ ನೂರು ಸಿಸಿಯ ಸಣ್ಣ ಎಂಜಿನ್ ಮಾಡ್ತಾ ಇದೆ.

ಎತ್ತಿನ ಹೆಗಲು ಹುಣ್ಣಾದರೆ ನಾವು ನೋಡುತ್ತಿದ್ದೆವು. ಗಾಡಿಯ ಅಚ್ಚಿಗೆ ಎಣ್ಣೆ ಹಾಕುತ್ತಿದ್ದೆವು, ಕಡಾಣಿ ಸಡಿಲವಾದರೆ ಬಡಿಯುತ್ತಿದ್ದೆವು. ಬೈಕಿನ ಗೇರು ಸರಿಯಾಗಿ ಬೀಳದಿದ್ದರೆ ಮಾತ್ರ ಇನ್ನೊಂದು ಸಾರಿ ಜೋರಾಗಿ ಒದೀತೀವಿ, ಅಷ್ಟೆ. ಅದಕ್ಕೇ ಈ ವಿಷಯ ಬರೆಯಬೇಕು ಅನ್ನಿಸಿತು.

ಇದು ಬರೀ ಕಿರಿಕಿರಿಯಲ್ಲ

ದೇವನಹಳ್ಳಿಯಿಂದ ಚಿಕ್ಕಬಳ್ಳಾಪುರಕ್ಕೆ ಹೋಗುವ ಹೆದ್ದಾರಿ ನಮ್ಮ ಕಡೆಯೇ ಹಾದು ಹೋಗುತ್ತದೆ. ಹಿಂದೆ ಅದರ ನಂಬರು 7, ಈಗ 44. 2008ರಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ನಮ್ಮ ತಾಲ್ಲೂಕಿನ ರಸ್ತೆಗಳ ರಭಸವೇ ಬೇರೆ ಆಗಿದೆ. ಹಳ್ಳಿ ರಸ್ತೆಯಿಂದ ಎರಡು ಕ್ಯಾನು ಹಾಲು ಹೇರಿಕೊಂಡು ಹೆದ್ದಾರಿಗೆ ಏರುವವನು ಒಂದು, ಎರಡು, ಮೂರು ಅಂತ ಬೇಗ ಬೇಗ ಗೇರು ಬದಲಾಯಿಸಿ ಓಟ ಹಿಡಿಯಬೇಕು. ಆ ಹೊತ್ತಿಗೆ ಎರಡಕ್ಕೂ ಮೂರಕ್ಕೂ ಮಧ್ಯೆ ಗೇರು ಎಲ್ಲೂ ಕೂರದೆ ನಿಂತುಬಿಟ್ಟರೆ? ಎಂಜಿನ್ ಬರೀ ಕೂಗುತ್ತೆ, ಗಾಡಿ ಮುಂದಕ್ಕೆ ಹೋಗೋಲ್ಲ. ಹಿಂದೆ ಲಾರಿ ಬರ್ತಾ ಇರುತ್ತೆ. ಮೆಕ್ಯಾನಿಕ್ಕುಗಳು ಇದಕ್ಕೆ ಸುಳ್ಳು ನ್ಯೂಟ್ರಲ್ ಅಂತಾರೆ. ಸುಳ್ಳೇ ಇರಬಹುದು, ಅದರಿಂದ ಬರುವ ಅಪಾಯ ಮಾತ್ರ ನಿಜ.

ಟಿವಿಎಸ್ ಎಕ್ಸ್‌ಎಲ್ ಇಟ್ಟುಕೊಂಡವರಿಗೆ ಈ ತಲೆನೋವಿಲ್ಲ, ಅದಕ್ಕೆ ಬದಲಾಯಿಸುವ ಗೇರೇ ಇಲ್ಲ. ನಮ್ಮ ಕಡೆ ರೈತರು ಅದನ್ನು ಇಷ್ಟಪಡುವುದಕ್ಕೆ ಇದೂ ಒಂದು ಕಾರಣ ಇರಬಹುದು. ಗೇರಿನ ಗಾಡಿ ಇರುವ ನಾವು ಮಾತ್ರ ಸ್ವಲ್ಪ ತಿಳಿದುಕೊಳ್ಳಲೇಬೇಕು.

ಕಪಿಲೆ ಬಾವಿಯ ಪಾಠ

ನಾವು ಕಾಲಲ್ಲಿ ಒತ್ತುವ ಲಿವರು ಒಂದು ಶಾಫ್ಟಿನ ತುದಿಗೆ ಕೂತಿರುತ್ತದೆ. ಆ ಶಾಫ್ಟು ಎಂಜಿನ್ ಒಳಕ್ಕೆ ಹೋಗಿ ಒಂದು ಸಣ್ಣ ಉರುಳೆಯನ್ನು ತಿರುಗಿಸುತ್ತದೆ. ಉರುಳೆ ತಿರುಗಿದರೆ ಒಳಗಿನ ಕವೆಗಳು ಪಕ್ಕಕ್ಕೆ ಸರಿದು ಗೇರಿನ ಚಕ್ರಗಳನ್ನು ಒಂದಕ್ಕೊಂದು ಸೇರಿಸುತ್ತವೆ. ಇಷ್ಟೇ ವ್ಯವಸ್ಥೆ. ಉರುಳೆ ಪೂರ್ತಿ ತಿರುಗಬೇಕಾದರೆ ಕಾಲಿನ ಬಲವೆಲ್ಲ ತಿರುಗಿಸುವುದಕ್ಕೇ ಹೋಗಬೇಕು.

ಆದರೆ ಲಿವರು ಎಂಜಿನ್ನಿಗೆ ಅಂಟಿಕೊಂಡಿರುವುದಿಲ್ಲ, ಒಂದಷ್ಟು ಹೊರಗೆ ಇರುತ್ತದೆ. ಕೆಲವು ಗಾಡಿಗಳಲ್ಲಿ ಈ ಶಾಫ್ಟು ಮುಂದಿನ ಚೈನ್ ಸ್ಪ್ರಾಕೆಟ್ಟನ್ನು ದಾಟಿ ಹೊರಗೆ ಬರಬೇಕು. ಅಲ್ಲಿಂದ ಆಚೆಗೆ ಅದನ್ನು ಹಿಡಿಯುವುದು ಏನೂ ಇಲ್ಲ. ನಾವು ಒತ್ತಿದಾಗ ಶಾಫ್ಟು ತಿರುಗುವ ಜೊತೆಗೆ ಸ್ವಲ್ಪ ಬಾಗುತ್ತದೆ, ಸ್ವಲ್ಪ ಅಲ್ಲಾಡುತ್ತದೆ. ಕಾಲಿನ ಬಲ ಅಷ್ಟು ಪೋಲಾಯಿತು. ವರ್ಷಗಟ್ಟಲೆ ಹೀಗೇ ಆದರೆ ಶಾಫ್ಟು ಹೊರಬರುವ ತೂತು ಸವೆದು ಅಗಲವಾಗುತ್ತದೆ, ಆಯಿಲ್ ಸೀಲು ಸೋರುತ್ತದೆ, ಅಲ್ಲಾಟ ಇನ್ನೂ ಹೆಚ್ಚುತ್ತದೆ.

ನಮ್ಮ ಕಡೆಯ ಹಳೇ ಕಪಿಲೆ ಬಾವಿಗಳನ್ನು ನೆನಪು ಮಾಡಿಕೊಳ್ಳಿ. ನೀರು ಬತ್ತಿದರೂ ಕೆಲವು ಕಡೆ ಕಲ್ಲಿನ ಕಂಬಗಳು ಇನ್ನೂ ನಿಂತಿವೆ. ಯಾವ ಬಾವಿಗಾದರೂ ಒಂದೇ ಕಂಬ ನೆಟ್ಟು ರಾಟೆ ಕಟ್ಟಿದ್ದನ್ನು ಕಂಡಿದ್ದೀರಾ? ಎರಡು ಕಂಬ, ಮಧ್ಯೆ ಅಚ್ಚು, ಅದರ ಮೇಲೆ ರಾಟೆ. ಎತ್ತು ಇಳಿಜಾರಿನಲ್ಲಿ ಎಳೆದಾಗ ಬಾನಿಯ ಭಾರವೆಲ್ಲ ಎರಡೂ ಕಂಬಕ್ಕೆ ಹಂಚಿಹೋಗುತ್ತಿತ್ತು. ಒಂದೇ ಕಂಬವಾಗಿದ್ದರೆ ಅಚ್ಚು ಒಂದು ಬೇಸಿಗೆಯೂ ಬಾಳುತ್ತಿರಲಿಲ್ಲ. ಓದು ಬರಹ ಇಲ್ಲದ ನಮ್ಮ ಹಿರಿಯರಿಗೆ ಗೊತ್ತಿದ್ದ ಲೆಕ್ಕ ಇದು.

ಗೇರ್ ಶಾಫ್ಟಿಗೆ ಹೊರಗಡೆ ಆಸರೆ ಕೊಡುವ ಒಂದು ಭಾಗ ಬರುತ್ತದೆ. ಪೀಣ್ಯದಲ್ಲಿ ಲೇತ್ ಕೆಲಸ ಮಾಡುವ ನನ್ನ ತಂಗಿ ಮಗ ಅದನ್ನು ನನಗೆ ತೋರಿಸಿದ. ಅಲ್ಯೂಮಿನಿಯಂನ ಒಂದು ಪಟ್ಟಿ, ಅದರೊಳಗೆ ಒಂದು ಸಣ್ಣ ಬೇರಿಂಗು. ಸ್ಪ್ರಾಕೆಟ್ ಮುಚ್ಚಳದ ಬೋಲ್ಟುಗಳಿಗೇ ಪಟ್ಟಿಯನ್ನು ಬಿಗಿಯುತ್ತಾರೆ, ಶಾಫ್ಟಿನ ಹೊರತುದಿ ಬೇರಿಂಗಿನೊಳಗೆ ಕೂರುತ್ತದೆ. "ಮಾವ, ಒಂದ್ ಕಡೆ ಮಾತ್ರ ಹಿಡ್ಕೊಂಡಿರೋ ಶಾಫ್ಟು ಬಗ್ಗೇ ಬಗ್ಗುತ್ತೆ, ಎರಡನೇ ಕಡೆ ಹಿಡಿದ್ರೆ ತಿರುಗೋ ಕೆಲಸ ಮಾತ್ರ ಮಾಡುತ್ತೆ" ಅಂದ. ನನಗೆ ತಕ್ಷಣ ನೆನಪಾದದ್ದು ಕಪಿಲೆ ಕಂಬ.

ಈ ಭಾಗ ಹೆಚ್ಚಾಗಿ ದೊಡ್ಡ ಬೈಕುಗಳಿಗೆ ಅಂತ ತಯಾರಾಗುತ್ತದೆ. ಭಾರ ಹೊರುವುದು ನಮ್ಮ ಗಾಡಿ, ಆಸರೆ ಸಿಗುವುದು ಶೋಕಿ ಗಾಡಿಗೆ. ಇದು ನನ್ನ ಮೊದಲ ತಕರಾರು. ಹುಲ್ಲಿನ ಹೊರೆ ಕಾಲಿಗೆ ಅಡ್ಡ ಇದ್ದಾಗ ನಾವು ಲಿವರನ್ನು ನೇರ ಒತ್ತೋಕೆ ಆಗೋಲ್ಲ, ಪಕ್ಕದಿಂದ ಓರೆಯಾಗಿ ತಳ್ಳುತ್ತೇವೆ. ಹಿಂಬದಿಯ ಲಿವರನ್ನು ಹಿಮ್ಮಡಿಯಲ್ಲಿ ಗುದ್ದುತ್ತೇವೆ. ಎರಡನೇ ಕಂಬ ಮೊದಲು ಬೇಕಾದದ್ದು ನಮಗೇ.

ಜಾವಾದಿಂದ ಕಲಿಯುವುದು

ನಮ್ಮ ರಾಜ್ಯದಲ್ಲೇ ತಯಾರಾದ ಗಾಡಿಯ ಮಾತು ಹೇಳುತ್ತೇನೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ಮೊದಲು ಜಾವಾ, ಆಮೇಲೆ ಯೆಜ್ಡಿ ಗಾಡಿಗಳು ತಯಾರಾದವು. ಓಡಿಸಿದವರಿಗೆ ಗೊತ್ತು, ಅದರಲ್ಲಿ ಗೇರ್ ಲಿವರೇ ಕಿಕ್ಕರ್. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರು, ಕೆಳಗೆ ಬಿಟ್ಟರೆ ಗೇರು. ಇಡೀ ಮೈಭಾರ ಬೀಳುವ ಕಡೆಯಲ್ಲೇ ಬೆರಳಿನಷ್ಟು ನಾಜೂಕಿನ ಗೇರಿನ ಕೆಲಸವೂ ಆಗಬೇಕು. ಅದಕ್ಕೇ ಆ ಕಾಲದ ಮೆಕ್ಯಾನಿಕ್ಕುಗಳು ಗೇರು ಕಷ್ಟ ಅಂತ ಹೇಳಿದರೆ ಮೊದಲು ಸ್ಪ್ಯಾನರ್ ಹಿಡಿಯುತ್ತಿರಲಿಲ್ಲ. ಲಿವರನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡುತ್ತಿದ್ದರು. ಈ ಅಭ್ಯಾಸ ಈಗ ಹೋಗಿಬಿಟ್ಟಿದೆ.

ಹೋದ ವರ್ಷ ನನ್ನ ಸ್ಪ್ಲೆಂಡರ್ ಗಾಡಿಗೆ ಗೇರು ಬೀಳುವುದು ಕಷ್ಟವಾಯಿತು. ಒಂದು ಗ್ಯಾರೇಜಿನ ಹುಡುಗ ಗಾಡಿ ಮುಟ್ಟಲೂ ಇಲ್ಲ, "ಅಣ್ಣ, ಗೇರ್ ಬಾಕ್ಸ್ ಹೋಗೈತೆ, ಎಂಜಿನ್ ಇಳಿಸ್ಬೇಕು" ಅಂದ. "ಮೊದ್ಲು ಲಿವರ್ ಹಿಡಿದು ನೋಡಪ್ಪ" ಅಂದೆ. ಶಾಫ್ಟು ಗಟ್ಟಿಯಾಗೇ ಇತ್ತು, ಲಿವರ್ ಮಾತ್ರ ಅದರ ಮೇಲೆ ಲಟಪಟ ಅಂತಿತ್ತು. ಹೊಸ ಲಿವರು, ಹೊಸ ಬೋಲ್ಟು, ಕಾಲು ಗಂಟೆ ಕೆಲಸ. ಎರಡು ದಿನದ ಹಾಲಿನ ದುಡ್ಡೂ ಆಗಲಿಲ್ಲ. ಎಂಜಿನ್ ಇಳಿಸಿದ್ದರೆ ತಿಂಗಳ ಹಾಲಿನ ಬಟವಾಡೆ ಹೋಗುತ್ತಿತ್ತು.

ಕೊಳ್ಳುವ ಮೊದಲು ಕೈಯಲ್ಲಿ ಹಿಡಿದು ನೋಡಿ

ಆಸರೆ ಭಾಗ ಒಳ್ಳೆಯದು ಅಂದ ಮಾತ್ರಕ್ಕೆ ಓಡಿಹೋಗಿ ಕೊಳ್ಳಿ ಅಂತ ನಾನು ಹೇಳೋಲ್ಲ. ದುಡ್ಡಿಲ್ಲದೆ ಮಾಡಬಹುದಾದ ಪರೀಕ್ಷೆ ಇದೆ. ಗಾಡಿಯನ್ನು ನಿಲ್ಲಿಸಿ ಎಂಜಿನ್ ಆರಿಸಿ, ಲಿವರಿನ ಬುಡ ಹಿಡಿದು ಮೇಲೆ ಕೆಳಗೆ, ಹಿಂದೆ ಮುಂದೆ ಅಲ್ಲಾಡಿಸಿ.

ಶಾಫ್ಟು ನಿಂತಲ್ಲೇ ಇದ್ದು ಲಿವರು ಮಾತ್ರ ಅಲ್ಲಾಡಿದರೆ ಬೋಲ್ಟು ಸಡಿಲ, ಇಲ್ಲವೇ ಲಿವರಿನ ಒಳಹಲ್ಲು ಸವೆದಿದೆ. ಇದನ್ನು ತಡ ಮಾಡಬೇಡಿ. ಸಡಿಲ ಲಿವರು ಶಾಫ್ಟಿನ ಹಲ್ಲನ್ನೂ ತಿನ್ನುತ್ತದೆ. ಲಿವರು ಹೊರಗಿನ ಸಾಮಾನು, ಸುಲಭ. ಶಾಫ್ಟು ಬದಲಾಯಿಸಬೇಕಾದರೆ ಎಷ್ಟೋ ಗಾಡಿಗಳಲ್ಲಿ ಆ ಕಡೆಯ ಮುಚ್ಚಳ ತೆಗೆದು ಕ್ಲಚ್ಚು ಬಿಚ್ಚಬೇಕು.

ಲಿವರಿನ ಜೊತೆ ಶಾಫ್ಟೂ ಮೇಲೆ ಕೆಳಗೆ ಆಡಿದರೆ, ಬುಡದಲ್ಲಿ ಎಣ್ಣೆ ಒಸರಿದ್ದರೆ, ತೂತು ಸವೆದಿದೆ ಅಂತ ಅರ್ಥ. ಆಸರೆ ಬೇಕಾಗಿರುವುದು ಇಂಥ ಗಾಡಿಗೆ.

ಎರಡೂ ಗಟ್ಟಿ ಇದ್ದು ಗೇರು ಮಾತ್ರ ಕಷ್ಟವಾದರೆ ಆಸರೆ ಹಾಕಿ ಪ್ರಯೋಜನವಿಲ್ಲ. ಮೊದಲು ಕ್ಲಚ್ ಕೇಬಲ್ ನೋಡಿ. ಕ್ಲಚ್ ಲಿವರಿನ ತುದಿಯಲ್ಲಿ 10ರಿಂದ 20 ಮಿಲಿಮೀಟರ್ ಸಡಿಲ ಇರಬೇಕು. ಅದಕ್ಕಿಂತ ಹೆಚ್ಚಾದರೆ ಕ್ಲಚ್ಚು ಪೂರ್ತಿ ಬಿಡುವುದಿಲ್ಲ, ಗೇರು ಕಚ್ಚುತ್ತದೆ, ನಿಂತಾಗ ನ್ಯೂಟ್ರಲ್ ಸಿಗೋಲ್ಲ. ಆಮೇಲೆ ಎಣ್ಣೆ. ನಮ್ಮ ಗಾಡಿಗಳಲ್ಲಿ ಎಂಜಿನ್, ಕ್ಲಚ್ಚು, ಗೇರು ಮೂರಕ್ಕೂ ಒಂದೇ ಎಣ್ಣೆ. ಮನೇಲಿ ಇದೆ ಅಂತ ಟ್ರಾಕ್ಟರಿನದೋ ಕಾರಿನದೋ ಸುರಿಯಬೇಡಿ, ಡಬ್ಬದ ಮೇಲೆ ಜಾಸೋ ಎಂಎ ಅಂತ ಇರುವುದನ್ನೇ ಕೇಳಿ. ಚೈನು ಜೋತುಬಿದ್ದಿದ್ದರೂ ಗೇರು ಬದಲಾಯಿಸುವಾಗ ಗಾಡಿ ಜಗ್ಗುತ್ತದೆ.

ಇನ್ನೊಂದು ವ್ಯತ್ಯಾಸ ತಿಳಿದಿರಬೇಕು. ಗೇರು ಹಾಕುವುದು ಕಷ್ಟ ಅನ್ನುವುದು ಒಂದು ರೋಗ. ಹಾಕಿದ ಗೇರು ಏರಿನಲ್ಲಿ ಎಳೆಯುವಾಗ ತಾನೇ ಕಳಚಿಕೊಳ್ಳುವುದು ಬೇರೆ ರೋಗ. ಎರಡನೆಯದು ಹೆಚ್ಚಾಗಿ ಒಳಗಿನ ಚಕ್ರಗಳ ಕಚ್ಚು ಸವೆದದ್ದು, ಇಲ್ಲವೇ ಕವೆ ಬಗ್ಗಿದ್ದು. ಅದಕ್ಕೆ ಹೊರಗೆ ನೂರು ಕಂಬ ನೆಟ್ಟರೂ ಉಪಯೋಗವಿಲ್ಲ, ಎಂಜಿನ್ ಬಿಚ್ಚಲೇಬೇಕು.

ಲೇತ್‌ನಲ್ಲಿ ಮಾಡಿಸುವವರಿಗೆ

ನಮ್ಮ ಗಾಡಿಗೆ ತಯಾರು ಭಾಗ ಸಿಗದಿದ್ದರೆ ಲೇತ್ ಅಂಗಡಿಯಲ್ಲಿ ಮಾಡಿಸಬಹುದು. ಸವೆದ ತೂತನ್ನು ಸರಿಯಾಗಿ ಕೊರೆಸಿ ಕಂಚಿನ ಬುಶ್ ಕೂರಿಸುವುದು ಹಳೇ ಪದ್ಧತಿ, ಒಳ್ಳೆಯ ಪದ್ಧತಿ. ಹೊರಗೆ ಪಟ್ಟಿಯನ್ನೇ ಕೊಡಿಸುವುದಾದರೆ ಎರಡು ಎಚ್ಚರಿಕೆ.

ಮೊದಲನೆಯದು, ಪಟ್ಟಿಯ ಬೇರಿಂಗು ಶಾಫ್ಟಿನ ನೇರಕ್ಕೇ ಇರಬೇಕು. ಕೂದಲಷ್ಟು ಓರೆಯಾದರೂ ಶಾಫ್ಟು ಹಿಡಿದುಕೊಳ್ಳುತ್ತದೆ. ಆಗ ಒತ್ತಿದ ಲಿವರು ತನ್ನ ಜಾಗಕ್ಕೆ ವಾಪಸು ಬರುವುದಿಲ್ಲ, ಮುಂದಿನ ಗೇರು ಬೀಳುವುದೇ ಇಲ್ಲ. ಇದ್ದ ರೋಗಕ್ಕಿಂತ ಮದ್ದೇ ಕೆಟ್ಟದ್ದಾಯಿತು. ಬಿಗಿದ ಮೇಲೆ ಲಿವರನ್ನು ಕೈಯಲ್ಲಿ ಒತ್ತಿ ಬಿಟ್ಟು ನೋಡಿ. ಟಕ್ ಅಂತ ವಾಪಸು ಬಂದರೆ ಸರಿ, ತೆವಳಿದರೆ ಬಿಚ್ಚಿಸಿ.

ಎರಡನೆಯದು, ಎಂಜಿನ್ನಿಗೆ ವೆಲ್ಡಿಂಗ್ ಮಾಡಿಸಬೇಡಿ, ಇರುವ ಬೋಲ್ಟಿಗೇ ಪಟ್ಟಿ ಕೂರಲಿ. ಶಾಖಕ್ಕೆ ಸೀಲು ಹಾಳಾಗುತ್ತದೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಗಾಡಿಗಳಲ್ಲಿ ಪೆಟ್ರೋಲು ಬಿಡುವುದಕ್ಕೂ ಕಂಪ್ಯೂಟರ್ ಪೆಟ್ಟಿಗೆ ಇರುತ್ತದೆ, ವೆಲ್ಡಿಂಗಿನ ಕರೆಂಟು ಅದನ್ನೂ ಸುಡಬಹುದು. ಗಾಡಿ ವಾರಂಟಿಯಲ್ಲಿದ್ದರೆ ಏನು ಮಾಡಿಸುವ ಮೊದಲೂ ಡೀಲರನ್ನು ಕೇಳಿ.

ಕೇಳಬೇಕಾದವರನ್ನು ಕೇಳೋಣ

ನೂರು ಸಿಸಿ ಗಾಡಿ ಮಾಡುವ ಕಂಪನಿಗಳಿಗೆ ಹಳ್ಳಿ ದೊಡ್ಡ ಮಾರುಕಟ್ಟೆ. ಹೊಸ ಬಣ್ಣ, ಹೊಸ ಸ್ಟಿಕ್ಕರು ಪ್ರತಿ ವರ್ಷ ಬರುತ್ತೆ. ಒಂದು ಬೇರಿಂಗು, ಒಂದು ಪಟ್ಟಿ ಹೊರಗಿನಿಂದ ಕೊಡುವುದು ಅವರಿಗೆ ದೊಡ್ಡ ಮಾತಲ್ಲ. ಗಾಡಿ ಕೊಳ್ಳುವಾಗ ಮೈಲೇಜ್ ಎಷ್ಟು ಅಂತ ಕೇಳುವ ನಾವು, ಗೇರ್ ಶಾಫ್ಟಿಗೆ ಹೊರಗೆ ಆಸರೆ ಇದೆಯೇ ಅಂತಲೂ ಕೇಳೋಣ. ಹತ್ತು ಜನ ಕೇಳಿದರೆ ಡೀಲರು ಮೇಲಕ್ಕೆ ಬರೆಯುತ್ತಾನೆ.

ಜಿಕೆವಿಕೆ ಕೃಷಿ ಮೇಳದಲ್ಲಿ ಟ್ರಾಕ್ಟರು, ಟಿಲ್ಲರು ನೋಡಿ ಬರುತ್ತೇವೆ. ಅಲ್ಲೇ ಒಂದು ಮೂಲೆಯಲ್ಲಿ ಬೈಕಿನ ಕ್ಲಚ್ಚು, ಚೈನು, ಗೇರಿನ ತಪಾಸಣೆ ಹೇಗೆ ಅಂತ ತೋರಿಸಲಿ. ನಮ್ಮ ಜಿಲ್ಲೆಗೆ ಹಾಡೋನಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ. ಒಂದು ದಿನದ ತರಬೇತಿ ಇಟ್ಟರೆ ಹಳ್ಳಿ ಹುಡುಗರು ಬರ್ತಾರೆ. ರಾಗಿ ಕೊಯ್ಲು, ಒಕ್ಕಣೆ ಮುಗಿದ ಮೇಲೆ ಇಟ್ಟರೆ ನಮ್ಮಂಥ ಹಿರಿಯರೂ ಬರುತ್ತೇವೆ.

ಮಳೆ ನಂಬಿದ ಬೇಸಾಯದಲ್ಲಿ ಕೈಗೆ ಬರುವುದು ಎಷ್ಟು ಅಂತ ಹೇಳೋಕೆ ಆಗೋಲ್ಲ. ಕೈ ಬಿಡುವುದು ಎಷ್ಟು ಅನ್ನುವುದಾದರೂ ನಮ್ಮ ಹಿಡಿತದಲ್ಲಿರಬೇಕು. ಹತ್ತು ನಿಮಿಷ ಬಿಡುವು ಮಾಡಿಕೊಂಡು ಲಿವರನ್ನು ಒಂದು ಸಾರಿ ಹಿಡಿದು ನೋಡಿ. ಯಾರಾದರೂ ತಮ್ಮ ಗಾಡಿಗೆ ಇಂಥ ಆಸರೆ ಮಾಡಿಸಿಕೊಂಡಿದ್ದರೆ ಅಳತೆ, ಖರ್ಚು, ಎಷ್ಟು ದಿನ ಬಾಳಿತು ಅನ್ನುವುದನ್ನು ಪತ್ರಿಕೆಗೆ ಬರೆಯಿರಿ. ಒಬ್ಬರು ಮಾಡಿದ್ದು ಹತ್ತು ಜನಕ್ಕೆ ಉಪಯೋಗಕ್ಕೆ ಬರಲಿ.