ಗೂಗಲ್ ಕಣ್ಣಿಗೆ ಬೀಳದ ಕನ್ನಡ

2021ರ ಜೂನ್ ತಿಂಗಳಲ್ಲಿ, ಭಾರತದ ಕುರೂಪ ಭಾಷೆ ಯಾವುದೆಂಬ ಪ್ರಶ್ನೆಗೆ ಗೂಗಲ್ ಶೋಧಯಂತ್ರವು ಕನ್ನಡದ ಹೆಸರನ್ನು ಉತ್ತರವಾಗಿ ತೋರಿಸಿದಾಗ ನಾಡಿನಾದ್ಯಂತ ಆಕ್ರೋಶ ವ್ಯಕ್ತವಾಯಿತು. ಅಂದಿನ ಕನ್ನಡ ಮತ್ತು ಸಂಸ್ಕೃತಿ ಸಚಿವ ಅರವಿಂದ ಲಿಂಬಾವಳಿ ಅವರು ನೋಟಿಸ್ ನೀಡುವುದಾಗಿ ಹೇಳಿದರು. ಸಂಸ್ಥೆಯು ಕ್ಷಮೆ ಯಾಚಿಸಿ ಆ ಉತ್ತರವನ್ನು ತೆಗೆದುಹಾಕಿತು. ಆಕ್ರೋಶ ನ್ಯಾಯವಾದುದೇ. ಆದರೆ ಆ ಪ್ರಕರಣ ಕಲಿಸಬೇಕಿದ್ದ ಪಾಠವೊಂದು ಗದ್ದಲದಲ್ಲಿ ಮರೆಯಾಯಿತು. ಶೋಧಯಂತ್ರವು ತನಗೆ ಓದಲು ದೊರೆತ ಪುಟಗಳಿಂದಲೇ ಉತ್ತರವನ್ನು ಹೆಕ್ಕುತ್ತದೆ. ಹಾಗಿದ್ದಲ್ಲಿ, ಅದು ಓದಬಲ್ಲ ರೂಪದಲ್ಲಿ ನಾವು ಕನ್ನಡವನ್ನು ಎಷ್ಟರಮಟ್ಟಿಗೆ ಇಟ್ಟಿದ್ದೇವೆ?

ವೇಷ ಧರಿಸಿದ ಅಕ್ಷರಗಳು

ಅಂತರ್ಜಾಲದಲ್ಲಿ ಕನ್ನಡ ಪತ್ರಿಕೆಗಳು ಕಾಲಿಟ್ಟಾಗ ಒಂದೊಂದು ತಾಣಕ್ಕೂ ಒಂದೊಂದು ಫಾಂಟ್ ಇತ್ತು. ತೆರೆಯ ಮೇಲೆ ಕಾಣುತ್ತಿದ್ದುದು ಕನ್ನಡ. ಕಡತದೊಳಗೆ ಇದ್ದುದು ರೋಮನ್ ಅಕ್ಷರ ಹಾಗೂ ಚಿಹ್ನೆಗಳ ಕಲಸುಮೇಲೋಗರ. ಓದುಗನ ಕಣ್ಣು ಮೋಸ ಹೋಯಿತು, ಯಂತ್ರ ಹೋಗಲಿಲ್ಲ. 1991ರಲ್ಲೇ ಯೂನಿಕೋಡ್ ಶಿಷ್ಟತೆಯಲ್ಲಿ ಕನ್ನಡಕ್ಕೆ ಸ್ಥಾನ ದೊರೆತಿತ್ತು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಯೂನಿಕೋಡ್ ಫಾಂಟ್ ಕೂಡ ಇತ್ತು. ಆದಾಗ್ಯೂ ಬದಲಾವಣೆ ತಡವಾಯಿತು. ಹೊಸ ಸುದ್ದಿಗಳು ಯೂನಿಕೋಡ್‌ಗೆ ಬಂದರೂ ಹಳೆಯ ಪುಟಗಳು ಅನೇಕ ಕಡೆ ಪರಿವರ್ತನೆಗೊಳ್ಳದೆ ಉಳಿದವು.

ಸರ್ಕಾರಿ ಆದೇಶಗಳ ಪಿಡಿಎಫ್ ಕಡತಗಳಲ್ಲಿ ಈ ಸಮಸ್ಯೆಯನ್ನು ಇಂದಿಗೂ ಕಾಣಬಹುದು. ಓದುಗರೇ ಪರೀಕ್ಷಿಸಿ ನೋಡಲಿ: ಕಡತದ ಒಂದು ಸಾಲನ್ನು ನಕಲು ಮಾಡಿ ಶೋಧ ಪೆಟ್ಟಿಗೆಯಲ್ಲಿ ಅಂಟಿಸಿದಾಗ ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳು ಮೂಡಿದರೆ, ಶೋಧಯಂತ್ರಕ್ಕೆ ಕಾಣುತ್ತಿರುವುದೂ ಅದೇ. ಇನ್ನು ಸ್ಕ್ಯಾನ್ ಮಾಡಿದ ಪ್ರತಿ ಕೇವಲ ಚಿತ್ರ. ಚಿತ್ರದಿಂದ ಅಕ್ಷರ ಗುರುತಿಸುವುದನ್ನು ಯಂತ್ರಗಳು ಕಲಿತಿವೆಯಾದರೂ ಮಸುಕಾದ ಮುದ್ರಣ ಮತ್ತು ಒತ್ತಕ್ಷರಗಳ ಮುಂದೆ ಎಡವುತ್ತವೆ.

ತಾಣದೊಳಗಿನ ಅಡೆತಡೆ

ಅಕ್ಷರ ಸರಿಯಿದ್ದ ಮಾತ್ರಕ್ಕೆ ಕೆಲಸ ಮುಗಿಯದು. ಶೋಧಯಂತ್ರವು ಮೊದಲು ಕೊಂಡಿಗಳನ್ನು ಹಿಡಿದು ಪುಟವನ್ನು ತಲುಪಬೇಕು, ಬಳಿಕ ಅದನ್ನು ತನ್ನ ಸೂಚಿಗೆ ಸೇರಿಸಿಕೊಳ್ಳಬೇಕು. ಆ ನಂತರವಷ್ಟೇ ಕ್ರಮಾಂಕದ ಮಾತು. ತಾಣ ಸಿದ್ಧವಾಗುತ್ತಿದ್ದಾಗ ರೋಬೋಟ್ಸ್ ಕಡತದಲ್ಲಿ ಹಾಕಿದ್ದ ಪ್ರವೇಶ ನಿಷೇಧವನ್ನು ಉದ್ಘಾಟನೆಯ ಬಳಿಕ ತೆಗೆಯಲು ಮರೆತರೆ ಇಡೀ ತಾಣದ ಬಾಗಿಲೇ ಮುಚ್ಚಿದಂತೆ. ಎಲ್ಲ ಪುಟಗಳ ವಿಳಾಸ ನೀಡುವ ಸೈಟ್‌ಮ್ಯಾಪ್ ಪದ್ಧತಿಯನ್ನು ಗೂಗಲ್ 2005ರಲ್ಲಿ ಆರಂಭಿಸಿತು. 2006ರಲ್ಲಿ ಯಾಹೂ, ಮೈಕ್ರೋಸಾಫ್ಟ್ ಸಹ ಒಪ್ಪಿಕೊಂಡವು. ಪ್ರತಿ ಪುಟಕ್ಕೂ ಇಲಾಖೆಯ ಹೆಸರೊಂದೇ ಶೀರ್ಷಿಕೆಯಾದರೆ ಯಾವ ಪುಟದಲ್ಲಿ ಏನಿದೆಯೆಂದು ತಿಳಿಯುವುದು ಕಷ್ಟ. ಗೂಗಲ್ ಈಗ ಪುಟದ ಮೊಬೈಲ್ ಆವೃತ್ತಿಯನ್ನೇ ಪರಿಗಣಿಸುತ್ತದೆ; 2016ರಲ್ಲಿ ಘೋಷಿಸಿದ ಈ ಬದಲಾವಣೆ 2023ರಲ್ಲಿ ಪೂರ್ಣಗೊಂಡಿತು. ಮೊಬೈಲ್‌ನಲ್ಲಿ ಕೈಬಿಟ್ಟ ಮಾಹಿತಿ ಶೋಧಕ್ಕೂ ಇಲ್ಲವಾಗುತ್ತದೆ.

ಅತಿ ದೊಡ್ಡ ನಷ್ಟ ಆಗುವುದು ತಾಣದ ನವೀಕರಣದ ವೇಳೆ. ಹಳೆಯ ವಿಳಾಸದಿಂದ ಹೊಸ ವಿಳಾಸಕ್ಕೆ ಶಾಶ್ವತ ಮಾರ್ಗಾಂತರ ಕಲ್ಪಿಸದಿದ್ದರೆ, ವರ್ಷಗಳ ಕಾಲ ಇತರರು ನೀಡಿದ ಕೊಂಡಿಗಳೆಲ್ಲ ಒಮ್ಮೆಲೇ ನಿಷ್ಪ್ರಯೋಜಕವಾಗುತ್ತವೆ.

ಕನ್ನಡಕ್ಕೇ ವಿಶಿಷ್ಟವಾದ ತೊಡಕುಗಳೂ ಇವೆ. 'ರಾಜ್‌ಕುಮಾರ್' ಎಂದು ಬರೆಯುವಾಗ ಒತ್ತಕ್ಷರ ಮೂಡದಂತೆ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಸೇರುತ್ತದೆ. ಅದಿಲ್ಲದಿದ್ದರೆ ಪದ 'ರಾಜ್ಕುಮಾರ್' ಆಗುತ್ತದೆ. ಎರಡೂ ಒಂದೇ ಹೆಸರೆಂದು ತಾಣದ ಆಂತರಿಕ ಶೋಧ ವ್ಯವಸ್ಥೆಗೆ ಕಲಿಸದಿದ್ದರೆ ಅರ್ಧದಷ್ಟು ಲೇಖನ ಕೈತಪ್ಪಬಹುದು.

ಯಾರಿಗೆ ನಷ್ಟ?

ಇದು ವೆಬ್ ವಿನ್ಯಾಸಕಾರರ ಖಾಸಗಿ ತಲೆನೋವೆಂದು ತಳ್ಳಿಹಾಕುವಂತಿಲ್ಲ. ಇ-ಖಾತಾ ನಿಯಮವನ್ನೋ ವಿದ್ಯಾರ್ಥಿವೇತನದ ಷರತ್ತನ್ನೋ ಕನ್ನಡದಲ್ಲಿ ಹುಡುಕುವ ನಾಗರಿಕನಿಗೆ ಮೂಲ ಆದೇಶ ದೊರೆಯದಿದ್ದಾಗ, ಮಧ್ಯವರ್ತಿಯ ವಿವರಣೆಯೇ ಆದೇಶವಾಗಿ ಚಲಾವಣೆಗೆ ಬರುತ್ತದೆ. 1963ರ ರಾಜಭಾಷಾ ಅಧಿನಿಯಮವು ಕನ್ನಡವನ್ನು ಆಡಳಿತ ಭಾಷೆಯಾಗಿಸಿತು. ಕಡತದಲ್ಲಿ ಕನ್ನಡವಿದ್ದೂ ಹುಡುಕಿದವನಿಗೆ ಸಿಗದಿದ್ದರೆ ಅದರ ಆಶಯ ಅರ್ಧಕ್ಕೆ ನಿಂತಂತೆ. ಪ್ರಶ್ನೆಗೆ ನೇರ ಉತ್ತರ ನೀಡುವ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳೂ ಬಹುಪಾಲು ಅಂತರ್ಜಾಲದ ಪಠ್ಯದಿಂದಲೇ ಕಲಿಯುವುದರಿಂದ ಈ ಕೊರತೆ ಅಲ್ಲಿಗೂ ಹರಿಯುತ್ತದೆ.

ತಾಂತ್ರಿಕ ಸಿದ್ಧತೆಯೊಂದೇ ಯಾವ ಪುಟವನ್ನೂ ಮೊದಲ ಸ್ಥಾನಕ್ಕೇರಿಸದು. ಸತ್ವವಿಲ್ಲದ ಬರಹಕ್ಕೆ ಪದಗಳನ್ನು ತುರುಕಿದರೂ ಫಲವಿಲ್ಲ. ಆದರೆ ಸತ್ವವಿರುವ ಬರಹ ಕಾಣದೆ ಉಳಿಯುವುದನ್ನು ತಪ್ಪಿಸಲು ಸಾಧ್ಯ. ಸೈಟ್‌ಮ್ಯಾಪ್‌ಗಾಗಲಿ, ದೋಷ ತೋರಿಸುವ ಗೂಗಲ್‌ನ ಸರ್ಚ್ ಕನ್ಸೋಲ್‌ಗಾಗಲಿ ಶುಲ್ಕವಿಲ್ಲ. ಹಣ ಮತ್ತು ಶ್ರಮ ಬೇಡುವುದು ಹಳೆಯ ಸಂಗ್ರಹದ ಪರಿವರ್ತನೆ. ಸರ್ಕಾರವು ತಾಣ ನಿರ್ಮಾಣದ ಟೆಂಡರ್‌ಗಳಲ್ಲೇ ಯೂನಿಕೋಡ್ ಪಠ್ಯ, ಹಳೆಯ ವಿಳಾಸಗಳ ರಕ್ಷಣೆ ಮತ್ತು ಶೋಧ ಪರೀಕ್ಷೆಯನ್ನು ಕಡ್ಡಾಯಗೊಳಿಸಲಿ. ಪತ್ರಿಕಾ ಸಂಸ್ಥೆಗಳು ತಮ್ಮ ಹಳೆಯ ಪುಟಗಳಿಗೂ ಈ ಕಾಳಜಿ ತೋರಲಿ. 2021ರಲ್ಲಿ ಬೀದಿಗಿಳಿದ ಭಾಷಾಭಿಮಾನಕ್ಕೆ ಇದಕ್ಕಿಂತ ಉಪಯುಕ್ತವಾದ ಕಾರ್ಯಕ್ಷೇತ್ರ ಇನ್ನೊಂದಿಲ್ಲ.