ಸಿಮೆಯೋನನ ಪರವಾಗಿ

ಪ್ರತಿ ವರ್ಷ ಫೆಬ್ರವರಿ 2ರಂದು ಕಥೋಲಿಕರು ಮೇಣದ ಬತ್ತಿ ಹಚ್ಚಿಕೊಂಡು ಒಂದು ಹಬ್ಬವನ್ನು ಆಚರಿಸುತ್ತಾರೆ. ಕ್ರಿಸ್ತಜಯಂತಿಯಿಂದ ಎಣಿಸಿದರೆ ಅದು ನಲವತ್ತನೆಯ ದಿನ. ಹಸುಗೂಸು ಯೇಸುವನ್ನು ತಾಯಿತಂದೆಯರು ಜೆರುಸಲೇಮಿನ ದೇವಾಲಯಕ್ಕೆ ಎತ್ತಿಕೊಂಡು ಹೋದುದರ ನೆನಪು. ಆ ಹಬ್ಬದ ಪ್ರಸಂಗಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಒಂದು ಮಾತಿನ ಮೇಲೆ ನನ್ನ ತಕರಾರು.

ಯೆಹೂದ್ಯರ ಆಚಾರವೆಲ್ಲ ಬರಿಯ ಹೊರಚಿಪ್ಪು, ಪ್ರವಾದನೆಯೇ ಒಳಗಿನ ಜೀವ. ಯೇಸು ಬಂದೊಡನೆ ಚಿಪ್ಪಿನ ಕೆಲಸ ಮುಗಿಯಿತು ಎಂಬುದು ಆ ಮಾತು. ಶಿಡ್ಲಘಟ್ಟದ ಕಡೆ ಒಬ್ಬರು ಇದನ್ನು ಊರಿಗೊಪ್ಪುವ ಉಪಮೆಯಲ್ಲಿ ಹೇಳಿದ್ದನ್ನು ಕೇಳಿದ್ದೇನೆ: ದೇವಾಲಯ ರೇಷ್ಮೆಗೂಡು, ಕ್ರಿಸ್ತನು ಅದನ್ನು ಒಡೆದು ಬಂದ ಚಿಟ್ಟೆ. ಉಪಮೆಯೇನೋ ಸೊಗಸು, ಆದರೆ ಹೇಳಿದ ಜಾಗ ಸರಿಯಿಲ್ಲ. ಅಲ್ಲಿಯ ಮಾರುಕಟ್ಟೆಗೆ ರೈತ ತರುವುದು ಗೂಡನ್ನು. ರೀಲರು ಬಿಸಿನೀರಿಗೆ ಹಾಕಿ ಎಳೆ ತೆಗೆಯುವುದು ಗೂಡಿನಿಂದ. ಚಿಟ್ಟೆ ತೂತು ಕೊರೆದ ಗೂಡಿನ ಎಳೆ ತುಂಡುತುಂಡಾಗಿರುತ್ತದೆ. ಅದರಿಂದ ನೂಲು ಬಿಚ್ಚಲಾಗದೆಂದು ಆ ಊರಿನ ಹುಡುಗರಿಗೂ ಗೊತ್ತು.

ಇದನ್ನೆಲ್ಲ ಹೇಳಲು ನಿನಗೇನು ಅಧಿಕಾರವೆಂದು ಕೇಳಬಹುದು. ಲೂಕನ ಗ್ರಂಥ ಕನ್ನಡದಲ್ಲಿದೆ, ನಾನು ಕನ್ನಡ ಓದಬಲ್ಲೆ, ಅಷ್ಟೆ.

ಅವನ ಎರಡನೆಯ ಅಧ್ಯಾಯವನ್ನು ತೆರೆದು ನೋಡಿ. ಈ ಒಂದು ಪ್ರಸಂಗದಲ್ಲಿ ಧರ್ಮಶಾಸ್ತ್ರದ ಹೆಸರನ್ನು ಅವನು ಐದು ಸಲ ಎತ್ತುತ್ತಾನೆ. ಚಿಪ್ಪನ್ನು ಎಸೆಯ ಹೊರಟವನು ಅದನ್ನು ಐದು ಸಲ ತಡವುತ್ತಾನೆಯೆ? ಬಾಣಂತಿ ಒಂದು ವರ್ಷದ ಕುರಿಮರಿಯನ್ನೂ ಒಂದು ಹಕ್ಕಿಯನ್ನೂ ಅರ್ಪಿಸಬೇಕು, ಕುರಿಗೆ ಗತಿಯಿಲ್ಲದವಳು ಎರಡು ಹಕ್ಕಿಗಳನ್ನು ತಂದರೆ ಸಾಕು ಎಂದು ಯಾಜಕಕಾಂಡದ ಹನ್ನೆರಡನೆಯ ಅಧ್ಯಾಯ ಹೇಳುತ್ತದೆ. ಮರಿಯ ತಂದದ್ದು ಎರಡು ಹಕ್ಕಿ. ಅವಳ ಬಡತನ ನಮಗೆ ತಿಳಿಯುವುದು ಆ ವಿಧಿ ತಿಳಿದಿದ್ದರೆ ಮಾತ್ರ. ವಿಧಿಯನ್ನು ಗೇಲಿ ಮಾಡುವ ಪ್ರಸಂಗಕಾರ ಆ ಹಕ್ಕಿಗಳನ್ನು ಕಾಣದೆ ದಾಟಿಬಿಡುತ್ತಾನೆ.

ಇನ್ನು ಶುದ್ಧೀಕರಣದ ವಿಚಾರ. ಮರಿಯ ಪಾಪವಿಲ್ಲದವಳು, ಆಕೆಗೆ ಶುದ್ಧಿ ಬೇಕಿರಲಿಲ್ಲ, ವಿನಯದಿಂದ ಒಳಪಟ್ಟಳು ಎನ್ನುತ್ತಾರೆ. ಹೆರಿಗೆಯ ಅಶುದ್ಧಿ ಪಾಪವೆಂದು ಇವರಿಗೆ ಹೇಳಿದವರಾರು? ನಮ್ಮ ಗಡಿಸೀಮೆಯ ಎರಡು ಭಾಷೆಗಳಲ್ಲೂ ಪುರುಡು ಎಂಬ ಮಾತಿದೆ. ಪುರುಡಿನಲ್ಲಿರುವವಳು ಪಾಪಿಯೆಂದು ಗೌರಿಬಿದನೂರಿನ ಯಾವ ಅಜ್ಜಿಯೂ ಹೇಳಲಾರಳು. ಹಾಗೆಂದು ಬಾಣಂತಿಯನ್ನು ಊರಾಚೆಯ ಗುಡಿಸಲಿಗೆ ಅಟ್ಟುವ ಪದ್ಧತಿಯನ್ನು ನಾನು ಸಮರ್ಥಿಸುತ್ತಿಲ್ಲ. ಅಟ್ಟುವ ಮಾತು ಮೋಶೆಯ ಆ ಅಧ್ಯಾಯದಲ್ಲಿಲ್ಲ. ಪವಿತ್ರ ವಸ್ತುವನ್ನು ಮುಟ್ಟಬಾರದು, ಪವಿತ್ರಾಲಯವನ್ನು ಹೊಗಬಾರದು ಎಂದಿದೆ. ಗಂಡಾದರೆ ನಲವತ್ತು ದಿನ, ಹೆಣ್ಣಾದರೆ ಎಂಬತ್ತೇಕೆ ಎಂದು ಕೇಳುವವರೊಡನೆ ನನಗೆ ಜಗಳವಿಲ್ಲ. ಕೇಳಲಿ.

ಪ್ರವಾದನೆಯ ಮಾತಿಗೆ ಬಂದರೆ ಗೊಂದಲ ಇನ್ನೂ ಹೆಚ್ಚು. ಚಿಂತಾಮಣಿ ತಾಲ್ಲೂಕಿನಲ್ಲಿ ಕೈವಾರವಿದೆ. ತಾತಯ್ಯನವರ ಕಾಲಜ್ಞಾನ, ಪೋತುಲೂರಿ ವೀರಬ್ರಹ್ಮೇಂದ್ರಸ್ವಾಮಿಗಳ ಕಾಲಜ್ಞಾನ ಇವೆಲ್ಲ ಈ ಸೀಮೆಯ ಜನಕ್ಕೆ ಬಾಯಿಗೆ ಬಂದದ್ದು. ಆದುದರಿಂದ ಪ್ರವಾದನೆಯೆಂದರೆ ಮುಂದಾಗುವುದನ್ನು ಮೊದಲೇ ಬರೆದಿಡುವುದು ಎಂದು ನಾವು ತಿಳಿಯುತ್ತೇವೆ, ಉಪದೇಶಕರೂ ಹಾಗೆಯೇ ಬೋಧಿಸುತ್ತಾರೆ. ಈಜಿಪ್ಟಿನಿಂದ ಮಗನನ್ನು ಕರೆದ ಹೋಶೇಯನ ಮಾತು ಬಾಲಯೇಸುವಿನಲ್ಲಿ ನೆರವೇರಿತೆಂದು ಮತ್ತಾಯ ಬರೆದ. ಆದರೆ ಹೋಶೇಯನು ಹೇಳುತ್ತಿದ್ದುದು ಆಗಲೇ ನಡೆದುಹೋದ ಸಂಗತಿ, ಇಸ್ರಯೇಲ್ ಜನ ದಾಸ್ಯದಿಂದ ಬಿಡುಗಡೆಯಾದದ್ದು! ಮತ್ತಾಯನಿಗೆ ಇದು ಗೊತ್ತಿರಲಿಲ್ಲವೆ? ಚೆನ್ನಾಗಿ ಗೊತ್ತಿತ್ತು. ಹಳೆಯ ಕಥೆ ಈ ಮಗುವಿನಲ್ಲಿ ಮತ್ತೊಮ್ಮೆ ನಡೆಯಿತೆಂಬುದು ಅವನ ಭಾವ. ಪಂಚಾಂಗ ಹಿಡಿದು ತಾಳೆ ನೋಡುವವರಿಗೆ ಇದು ಎಟುಕದು. ಪ್ರವಾದನೆಯನ್ನು ಮುಂಬರುವ ಘಟನೆಯ ಛಾಯಾಚಿತ್ರವೆಂದು ತಿಳಿಯಬಾರದು, ಯೆಹೂದ್ಯರು ತಮ್ಮ ಗ್ರಂಥವನ್ನು ಓದುವ ಬಗೆಯೂ ಸಾಧುವಾದ ಓದೇ ಎಂಬರ್ಥದಲ್ಲಿ ವ್ಯಾಟಿಕನ್ನಿನ ಬೈಬಲ್ ಆಯೋಗವೇ 2001ರಲ್ಲಿ ಹೇಳಿತು. ನಮ್ಮ ಪ್ರಸಂಗಪೀಠಗಳಿಗೆ ಆ ಸುದ್ದಿ ಇನ್ನೂ ತಲಪಬೇಕು.

ಈ ಸೀಮೆಗೆ ಈ ದೋಷ ಹೊಸದೂ ಅಲ್ಲ. 18ನೆಯ ಶತಮಾನದ ಮೊದಲಲ್ಲಿ ಫ್ರೆಂಚ್ ಜೆಸ್ವಿಟರ ಕರ್ನಾಟಿಕ್ ಮಿಷನ್ ದೇವನಹಳ್ಳಿ, ಚಿಕ್ಕಬಳ್ಳಾಪುರಗಳವರೆಗೆ ಹಬ್ಬಿತ್ತು. ಅದನ್ನು ಕಟ್ಟಿದ ಬೂಷೆ ಪಾದ್ರಿಗಳು ತಮ್ಮ ದೇಶದ ಬಿಷಪ್ ಯುವೆಗೆ ಒಂದು ದೊಡ್ಡ ಕಾಗದ ಬರೆದರು: ಹಿಂದೂಗಳ ಕಥೆಗಳೆಲ್ಲ ಮೋಶೆಯ ಗ್ರಂಥಗಳಿಂದ ಕಡ ತಂದವು, ಬ್ರಹ್ಮನೇ ಅಬ್ರಹಾಮ, ಸರಸ್ವತಿಯೇ ಸಾರಾ! ಪಾದ್ರಿಗಳು ದಡ್ಡರಲ್ಲ, ಈ ನೆಲದಲ್ಲಿ ಬಹಳ ಕಷ್ಟಪಟ್ಟವರು. ಆದರೆ ಅವರ ಲೆಕ್ಕದಲ್ಲಿ ಯೆಹೂದ್ಯನು ಟಪಾಲಿನವನು. ಓಲೆ ತಲಪಿಸಿದ ಮೇಲೆ ಅವನ ಸುದ್ದಿ ನಮಗೇಕೆ? ಈ ಬುದ್ಧಿ ಯೂರೋಪಿನಲ್ಲಿ ಎಲ್ಲಿಗೆ ಮುಟ್ಟಿತೆಂದು ಇಪ್ಪತ್ತನೆಯ ಶತಮಾನ ತೋರಿಸಿತು. 1959ರಲ್ಲಿ ಪೋಪ್ 23ನೆಯ ಜಾನ್ ಅವರು ಶುಭ ಶುಕ್ರವಾರದ ಪ್ರಾರ್ಥನೆಯಿಂದ ಯೆಹೂದ್ಯರನ್ನು ಹಳಿಯುವ ವಿಶೇಷಣವನ್ನು ತೆಗೆಸಿದರು. ಅವರನ್ನು ದೇವರು ತಳ್ಳಿದ ಜನವೆಂದು ಬೋಧಿಸಬಾರದೆಂದು 1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಸಾರಿತು. 1969ರ ಪಂಚಾಂಗ ಪರಿಷ್ಕರಣದಲ್ಲಿ ಫೆಬ್ರವರಿಯ ಈ ಹಬ್ಬಕ್ಕೆ ಮರಿಯಳ ಶುದ್ಧೀಕರಣವೆಂಬ ಹೆಸರು ಹೋಗಿ ಪ್ರಭುವಿನ ಸಮರ್ಪಣೆಯೆಂಬ ಹೆಸರು ಬಂತು.

ಹೀಬ್ರಿಯರಿಗೆ ಬರೆದ ಪತ್ರದಲ್ಲಿ ಧರ್ಮಶಾಸ್ತ್ರವನ್ನು ನೆರಳೆಂದೇ ಕರೆದಿದೆಯಲ್ಲ ಎಂದು ಬಲ್ಲವರು ಕೇಳುತ್ತಾರೆ. ಕರೆದಿದೆ. ಆ ಪತ್ರದ ದಿನ ಆ ಪತ್ರವನ್ನು ಬೋಧಿಸಲಿ. ಲೂಕನ ದಿನ ಲೂಕನನ್ನು ಬೋಧಿಸಲಿ. ಅವನ ಕಥೆ ಆರಂಭವಾಗುವುದು ಧೂಪ ಹಾಕಲು ಚೀಟಿಯೆತ್ತಿ ಒಳಹೋದ ಯಾಜಕ ಜಕರೀಯನಿಂದ. ಸಿಮೆಯೋನನಿಗೆ ಪವಿತ್ರಾತ್ಮನು ದಾರಿ ತೋರಿಸಿದ್ದು ದೇವಾಲಯದೊಳಕ್ಕೆ. ಎಂಬತ್ತನಾಲ್ಕರ ವಿಧವೆ ಅನ್ನಳು ಹಗಲಿರುಳು ಅಲ್ಲಿಯೇ ಉಪವಾಸ ಪ್ರಾರ್ಥನೆಗಳಲ್ಲಿದ್ದವಳು. ಅವಳನ್ನು ಅವನು ಪ್ರವಾದಿನಿ ಎಂದು ಕರೆಯುತ್ತಾನೆ. ಕೊನೆಯ ವಾಕ್ಯದಲ್ಲಿ ಶಿಷ್ಯರು ಎಲ್ಲಿದ್ದಾರೆ? ದೇವಾಲಯದಲ್ಲಿ, ದೇವರನ್ನು ಕೊಂಡಾಡುತ್ತ. ಬಹುಪಾಲು ವಿದ್ವಾಂಸರ ಎಣಿಕೆಯಂತೆ, ಅವನು ಇದನ್ನು ಬರೆಯುವ ಹೊತ್ತಿಗೆ ಆ ಕಟ್ಟಡ ಕ್ರಿ.ಶ. 70ರಲ್ಲಿ ರೋಮನರ ಕೈಯಲ್ಲಿ ಸುಟ್ಟುಹೋಗಿತ್ತು.